ಅವಳ ಚಟ ಬಿಡಿಸುವ ಮೊದಲು ಅವಳ ಸುತ್ತ ಇರುವವರನ್ನು ನೋಡಿ

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆ ಜಗಲಿಯಲ್ಲಿ ರಾತ್ರಿ ಹನ್ನೊಂದರವರೆಗೂ ಸುಲಿಯುವ ಕೆಲಸ ನಡೆಯುತ್ತದೆ. ಮೆಟ್ಟುಗತ್ತಿಗಳ ಮುಂದೆ ಏಳೆಂಟು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಒಂದು ರಾತ್ರಿ ನನ್ನ ಅತ್ತಿಗೆಯ ಕೈ ನಡುಗುತ್ತಿತ್ತು. ಅಡಿಕೆ ಕತ್ತಿಗೆ ಸರಿಯಾಗಿ ಸಿಗುತ್ತಲೇ ಇರಲಿಲ್ಲ. "ಏನಿಲ್ಲ, ಚಳಿ" ಅಂದರು. ಒಳಗೆ ಹೋಗಿ ಐದು ನಿಮಿಷಕ್ಕೆ ವಾಪಸ್ ಬಂದರು. ಬಾಯಲ್ಲಿ ಏಲಕ್ಕಿ ಇತ್ತು. ನಡುಕ ನಿಂತಿತ್ತು.

ಮರುದಿನ ಬಚ್ಚಲೊಲೆಗೆ ಸೌದೆ ತರಲು ಹೋದೆ. ಸೌದೆ ರಾಶಿಯ ಹಿಂದೆ ಮದ್ಯದ 90 ಎಂಎಲ್ ಪ್ಯಾಕೆಟ್‌ಗಳು ಸಿಕ್ಕವು. ಎಲ್ಲ ಖಾಲಿ. ಒಂದೊಂದನ್ನೂ ಚೊಕ್ಕವಾಗಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು, ಮಕ್ಕಳ ಬಟ್ಟೆ ಮಡಚುವ ಹಾಗೆಯೇ.

ಇದು ಶುರುವಾದದ್ದು ಹೇಗೆ ಅಂತ ಆಮೇಲೆ ತಿಳಿಯಿತು. ಎರಡನೇ ಹೆರಿಗೆ ಆದ ಮೇಲೆ ಅವರಿಗೆ ಸೊಂಟ ನೋವು, ನಿದ್ದೆ ಇಲ್ಲ. "ಒಂದು ಚೂರು ತಗೋ, ಮೈಕೈ ನೋವು ಹೋಗುತ್ತೆ" ಅಂತ ಸ್ಟೀಲ್ ಲೋಟದಲ್ಲಿ ಬಿಸಿನೀರು ಬೆರೆಸಿ ಕೊಟ್ಟದ್ದು ನನ್ನ ಅಣ್ಣನೇ. ನಾಲ್ಕು ವರ್ಷದ ಮೇಲೆ ಎಲ್ಲರ ಎದುರು "ಕುಡುಕಿ" ಅಂದದ್ದೂ ಅವನೇ.

ಅತ್ತಿಗೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದಿದ್ದಾರೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಇಂಥ ಒಬ್ಬರು ಇದ್ದರೆ ಏನು ಮಾಡಬಹುದು ಅನ್ನುವುದನ್ನು ನಾವು ಎಡವಿದ ಜಾಗಗಳ ಸಮೇತ ಹೇಳುತ್ತೇನೆ. ನೀವೇ ಆ ಹೆಂಗಸಾಗಿದ್ದರೂ ಇದು ನಿಮಗೇ.

ಮೊದಲು ಇಷ್ಟು ಗೊತ್ತಿರಲಿ

ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಸಣ್ಣ ಸಂಖ್ಯೆ ಅನ್ನಿಸುತ್ತದೆ ಅಲ್ವಾ? ಆದರೆ ಅತ್ತೆ ಪಕ್ಕದಲ್ಲೇ ನಿಂತಿರುವಾಗ ಬಾಗಿಲಿಗೆ ಬಂದು ಕೇಳಿದರೆ ಯಾವ ಸೊಸೆ "ಹೌದು, ಕುಡೀತೀನಿ" ಅನ್ನುತ್ತಾಳೆ? ನಿಜವಾದ ಲೆಕ್ಕ ಜಾಸ್ತಿಯೇ ಇರಬೇಕು ಅಂತ ನನ್ನ ನಂಬಿಕೆ. ಅಲ್ಲದೆ ಚಟ ಅಂದರೆ ಮದ್ಯ ಒಂದೇ ಅಲ್ಲ. 2016-17ರ ತಂಬಾಕು ಸಮೀಕ್ಷೆಯಲ್ಲಿ ಶೇ. 12.8 ಹೆಂಗಸರು ಹೊಗೆ ಇಲ್ಲದ ತಂಬಾಕು ಬಳಸುತ್ತಿದ್ದರು. ಅಂದರೆ ಎಂಟರಲ್ಲಿ ಒಬ್ಬರು. ಕವಳದ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ನಮ್ಮ ಅಜ್ಜಿ, ದೊಡ್ಡಮ್ಮಂದಿರೂ ಈ ಲೆಕ್ಕದವರೇ. ಇನ್ನು ನಿದ್ದೆ ಗುಳಿಗೆ. ಯಾವತ್ತೋ ಡಾಕ್ಟರು ಹದಿನೈದು ದಿನಕ್ಕೆ ಬರೆದ ಚೀಟಿಯಲ್ಲೇ ವರ್ಷಗಟ್ಟಲೆ ತಗೊಳ್ಳುವವರು ಎಷ್ಟೋ ಜನ ಇದ್ದಾರೆ. ಅದನ್ನು ಯಾರೂ ಚಟ ಅನ್ನುವುದೇ ಇಲ್ಲ.

ಇನ್ನೊಂದು ವಿಷಯ. ಒಂದೇ ಅಳತೆ ಕುಡಿದರೂ ಹೆಂಗಸಿನ ರಕ್ತದಲ್ಲಿ ಮದ್ಯದ ಅಂಶ ಜಾಸ್ತಿ ಸೇರುತ್ತದೆ. ಅವಳ ಮೈಯಲ್ಲಿ ನೀರಿನ ಪಾಲು ಕಡಿಮೆ. ಹೊಟ್ಟೆಯಲ್ಲೇ ಮದ್ಯವನ್ನು ಒಡೆಯುವ ಕಿಣ್ವವೂ ಕಡಿಮೆ. ಅದಕ್ಕೇ ಶುರು ಮಾಡಿದ ದಿನದಿಂದ ಬಿಡಲಾಗದ ಸ್ಥಿತಿಗೆ ಹೆಂಗಸರು ಬೇಗ ತಲುಪುತ್ತಾರೆ. ಲಿವರ್ ಕೂಡ ಬೇಗ ಕೆಡುತ್ತದೆ. "ಗಂಡಸರಷ್ಟೇನೂ ಕುಡಿಯಲ್ಲ ಬಿಡು" ಅನ್ನುವ ಸಮಾಧಾನ ಹೇಳಿಕೊಳ್ಳಬೇಡಿ.

ಗಂಡಸರು ಹೆಚ್ಚಾಗಿ ಗೆಳೆಯರ ಗುಂಪಿನಲ್ಲಿ ಶುರು ಮಾಡುತ್ತಾರೆ. ಹೆಂಗಸರಿಗೆ ಮೊದಲ ಲೋಟ ಕೊಡುವವರು ತುಂಬ ಸಲ ಗಂಡ, ಪ್ರೀತಿಸಿದವನು, ಇಲ್ಲವೇ ಮನೆಯವರೇ. ಬಿಟ್ಟ ಮೇಲೆ ಮತ್ತೆ ಜಾರುವುದೂ ಹೆಚ್ಚಾಗಿ ಹತ್ತಿರದವರ ಜೊತೆ ಜಗಳವಾದಾಗ, ಒಂಟಿ ಅನ್ನಿಸಿದಾಗ, ಕುಡಿಯುವ ಗಂಡನ ಜೊತೆಯಲ್ಲೇ ಇರುವಾಗ. ಹಾಗಾಗಿ ಪ್ಯಾಕೆಟ್ ಹುಡುಕಿ ಬಿಸಾಕುವುದರಿಂದ ಏನೂ ಆಗುವುದಿಲ್ಲ. ನಾನೂ ಬಿಸಾಕಿದ್ದೆ. ಎರಡನೇ ದಿನ ಅಕ್ಕಿ ಡಬ್ಬದಲ್ಲಿ ಸಿಕ್ಕವು.

1. ಒಂದು ಹಾಳೆ ತಗೊಳ್ಳಿ

ಇದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಹಾಳೆಯಲ್ಲಿ ಐದು ಸಾಲು ಬರೆಯಿರಿ. ಮೊದಲು ಕೊಟ್ಟವರು ಯಾರು? ಈಗ ತಂದುಕೊಡುವವರು ಯಾರು? ಮುಚ್ಚಿಡುವವರು ಯಾರು? ಬೈಯುವವರು ಯಾರು? ಅವಳು ಮನಸ್ಸು ಬಿಚ್ಚಿ ಮಾತಾಡುವುದು ಯಾರ ಹತ್ತಿರ?

ಆದರೆ ಅವಳ ಬೆನ್ನ ಹಿಂದೆ ಬರೆಯಬೇಡಿ. ಜೊತೆಗೆ ಕೂತು, ಅವಳು ಒಪ್ಪಿದ ದಿನ ಬರೆಯಿರಿ. ಅತ್ತಿಗೆ ಮತ್ತು ನಾನು ಇದನ್ನು ಬರೆದದ್ದು ತೋಟದ ಅಂಚಿನ ಕಾಲುಸಂಕದ ಮೇಲೆ ಕೂತು, ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ. ಮೊದಲ ಸಾಲಿನಲ್ಲಿ ಅಣ್ಣನ ಹೆಸರು. ಎರಡನೆಯದರಲ್ಲಿ ತೋಟದ ಕೆಲಸಕ್ಕೆ ಬರುವ ಒಬ್ಬ. ಪ್ಯಾಕೆಟ್‌ಗೆ ಹತ್ತು ರೂಪಾಯಿ ಮೇಲೆ ಇಟ್ಟುಕೊಂಡು ತಂದುಕೊಡುತ್ತಿದ್ದ. ಮೂರನೆಯದು ನನ್ನ ಅಮ್ಮ. ಯಾರಾದರೂ ಬಂದರೆ "ಅವಳಿಗೆ ಬಿಪಿ, ಮಲಗಿದ್ದಾಳೆ" ಅನ್ನುತ್ತಿದ್ದರು. ಸೊಸೆಯ ಮಾನ ಕಾಯುತ್ತಿದ್ದೇನೆ ಅಂತಲೇ ಅಮ್ಮ ತಿಳಿದಿದ್ದರು. ಆ ಪ್ರೀತಿ ನಿಜ. ಆದರೆ ಆ ಬಿಪಿಯ ನೆಪದಲ್ಲೇ ಎರಡು ವರ್ಷ ಚಿಕಿತ್ಸೆ ಇಲ್ಲದೆ ಹೋಯಿತು. ನಾಲ್ಕನೆಯ ಸಾಲು ತುಂಬಿಹೋಯಿತು, ನಾನೂ ಅದರಲ್ಲಿದ್ದೆ.

ಐದನೆಯದು ತುಂಬ ಹೊತ್ತು ಖಾಲಿ ಇತ್ತು. ಕೊನೆಗೆ ಅತ್ತಿಗೆ ಬರೆದದ್ದು "ಡೇರಿ ಅಕ್ಕ" ಅಂತ. ದಿನಾ ಬೆಳಿಗ್ಗೆ ಹಾಲು ಹಾಕಲು ಹೋದಾಗ ಅಳತೆ ಮಾಡಿ ಪುಸ್ತಕದಲ್ಲಿ ಬರೆದುಕೊಳ್ಳುವ ಹೆಂಗಸು. ನಮ್ಮ ನೆಂಟರೂ ಅಲ್ಲ, ಜಾತಿಯವರೂ ಅಲ್ಲ. "ಅವರು ನನ್ನ ಮುಖ ನೋಡಿ ಮಾತಾಡ್ತಾರೆ" ಅಂದರು ಅತ್ತಿಗೆ.

ಆ ಐದನೇ ಸಾಲಿನಲ್ಲಿ ಯಾರ ಹೆಸರು ಬರುತ್ತದೋ ಅವರನ್ನು ಹಿಡಿದುಕೊಳ್ಳಿ. ನೀವು ಅಂದುಕೊಂಡ ವ್ಯಕ್ತಿ ಆಗಿರಲಿಕ್ಕಿಲ್ಲ. ಬೇಸರ ಮಾಡಿಕೊಳ್ಳಬೇಡಿ.

2. ಮೊದಲ ಮಾತು

ಕುಡಿದಿರುವಾಗ ಬೇಡ. ರಾತ್ರಿ ಬೇಡ. ಮಕ್ಕಳ ಎದುರು, ಅತ್ತೆಯ ಎದುರು ಬೇಡ. ಬೆಳಿಗ್ಗೆ ಕೆಲಸ ಮುಗಿದ ಮೇಲೆ, ಇಬ್ಬರೇ ಇರುವಾಗ. ಎದುರುಬದುರು ಕೂರುವ ಬದಲು ಕೈಯಲ್ಲಿ ಏನಾದರೂ ಕೆಲಸ ಇದ್ದರೆ ಮಾತು ಸಲೀಸಾಗಿ ಬರುತ್ತದೆ. ಸೊಪ್ಪು ಬಿಡಿಸುವುದೋ, ಹೂ ಕಟ್ಟುವುದೋ.

"ನೀನು ಹೀಗಾದೆ, ಮಕ್ಕಳ ಗತಿ ಏನು" ಅಂತ ಶುರು ಮಾಡಿದರೆ ಬಾಗಿಲು ಮುಚ್ಚಿದ ಹಾಗೆ. ಮಕ್ಕಳ ಗತಿಯ ಚಿಂತೆ ನಿಮಗಿಂತ ಮೊದಲು ಅವಳಿಗೇ ಹತ್ತಿದೆ. ನಾನು ಹೇಳಿದ್ದು ಇಷ್ಟೇ: "ಅತ್ತಿಗೆ, ಸೌದೆ ಹಿಂದೆ ನೋಡಿದೆ. ಯಾರಿಗೂ ಹೇಳಿಲ್ಲ. ಡಾಕ್ಟರ ಹತ್ತಿರ ಹೋಗೋದಾದರೆ ಜೊತೆಗೆ ನಾನು ಬರ್ತೀನಿ." ಅವತ್ತು ಅವರು ಏನೂ ಹೇಳಲಿಲ್ಲ. ಎದ್ದು ಹೋದರು. ಒಂಬತ್ತು ದಿನದ ಮೇಲೆ ಅವರಾಗಿಯೇ "ಯಾವತ್ತು ಹೋಗೋಣ?" ಅಂದರು. ಆ ಒಂಬತ್ತು ದಿನ ನಾನು ಮತ್ತೆ ಆ ಮಾತು ಎತ್ತಲಿಲ್ಲ. ಕಷ್ಟವಾಯಿತು, ಆದರೆ ಅದೇ ಸರಿ ಇತ್ತು.

3. ಒಂದೇ ಸಲ ನಿಲ್ಲಿಸಬೇಡಿ, ಕದ್ದು ಔಷಧಿ ಹಾಕಬೇಡಿ

ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಹೊತ್ತು ಗೊತ್ತು ತಿಳಿಯುವುದಿಲ್ಲ, ಯಾರ್‍ಯಾರೋ ಕರೆದ ಹಾಗೆ ಕೇಳುತ್ತದೆ. ನಮ್ಮ ಕಡೆ ಇದನ್ನು ನೋಡಿದವರು ಚೌಡಿ ಕಾಟ, ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಹಿಡಿದು ಓಡುತ್ತಾರೆ. ದಯವಿಟ್ಟು 108ಕ್ಕೆ ಫೋನ್ ಮಾಡಿ. ಅದು ಆಸ್ಪತ್ರೆಯ ಕೇಸು. ನಿದ್ದೆ ಗುಳಿಗೆಯೂ ಹಾಗೇ. ಅದನ್ನು ಡಾಕ್ಟರ ಲೆಕ್ಕದಂತೆ ವಾರ ವಾರ ಇಳಿಸುತ್ತಾ ಬರಬೇಕು.

"ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ ಕೊಡಿ" ಅನ್ನುವ ಪುಡಿ, ಗುಳಿಗೆಗಳ ಜಾಹೀರಾತು ಬರುತ್ತವೆ. ಡೈಸಲ್ಫಿರಾಮ್ ಅನ್ನುವ ಗುಳಿಗೆಯನ್ನು ಸಾರಿನಲ್ಲಿ ಹಾಕಿಕೊಡುವ ಮನೆಗಳೂ ಇವೆ. ಅದರ ಮೇಲೆ ಮದ್ಯ ಬಿದ್ದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಪ್ರಾಣ ಹೋಗಬಹುದು. ಅವಳಿಗೆ ತಿಳಿಸಿ, ಅವಳು ಒಪ್ಪಿ, ಡಾಕ್ಟರು ಬರೆದರೆ ಮಾತ್ರ ಅದು ಔಷಧಿ. ಇಲ್ಲದಿದ್ದರೆ ಅದು ವಿಷ ಹಾಕಿದ ಹಾಗೆಯೇ. ಅವಳಿಗೆ ಗೊತ್ತಾದ ದಿನ ಮನೆಯ ಊಟದ ಮೇಲೂ ನಂಬಿಕೆ ಹೋಗುತ್ತದೆ.

ಬಸುರಿ ಹೆಂಗಸಾದರೆ ತಡ ಮಾಡಲೇಬೇಡಿ. ಗರ್ಭಿಣಿಗೆ ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನುವ ಅಳತೆಯೇ ಇಲ್ಲ.

4. ಎಲ್ಲಿಗೆ ಹೋಗುವುದು, ಮನೆ ಯಾರು ನೋಡುವುದು

ಮನೆ ಬಿಟ್ಟು ಹೊರಡುವ ಮೊದಲೇ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚಟದ ವಿಷಯಕ್ಕೇ ಅಂತ 14446 ಇದೆ. ತಂಬಾಕು ಬಿಡಲು 1800-11-2356.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಅಲ್ಲಿ ಮನೋವೈದ್ಯರ ವಿಭಾಗಕ್ಕೇ ನೇರವಾಗಿ ಹೋಗಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆ ಹತ್ತಿರ ವಿಚಾರಿಸಿ. "ತಲೆ ಸರಿ ಇಲ್ಲದವರ ಡಾಕ್ಟರು" ಅನ್ನುವ ಹೆದರಿಕೆ ಮಲೆನಾಡಿನಲ್ಲಿ ಈಗ ಮೊದಲಿನಷ್ಟಿಲ್ಲ. ಶಿವಮೊಗ್ಗದಲ್ಲೇ ಇದ್ದ ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆ ಬಗ್ಗೆ ಜನರಿಗೆ ತಿಳಿಯುವ ಹಾಗೆ ಬರೆದು, ಮಾತಾಡಿ ಈ ದಾರಿಯನ್ನು ತುಂಬ ಮಟ್ಟಿಗೆ ತೆರೆದುಕೊಟ್ಟರು.

ಊರಿನಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆ ಉಳಿದಿವೆ. ಆದರೆ ಅಲ್ಲಿ ಇರುವವರು ಹೆಚ್ಚಾಗಿ ಗಂಡಸರು. ಅವರ ನಡುವೆ ಒಬ್ಬ ಹೆಂಗಸು ಹೋಗಿ ಕೂರುವುದು ಆಗದ ಮಾತು. "ಶಿಬಿರಕ್ಕೆ ಹಾಕಿ" ಅಂತ ಯಾರಾದರೂ ಅಂದರೆ, ಹೆಂಗಸರಿಗೆ ಬೇರೆ ವ್ಯವಸ್ಥೆ ಇದೆಯಾ, ರಾತ್ರಿ ನೋಡಿಕೊಳ್ಳುವವರು ಹೆಂಗಸರೇನಾ ಅಂತ ಕೇಳಿಕೊಂಡೇ ಒಪ್ಪಿಕೊಳ್ಳಿ.

ಡಾಕ್ಟರಿಗೆ ಹೇಳಲು ಇಷ್ಟು ಬರೆದಿಟ್ಟುಕೊಳ್ಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ, ಬೇರೆ ಯಾವ ಗುಳಿಗೆ, ಹಿಂದೆ ಫಿಟ್ಸ್ ಬಂದಿತ್ತಾ, ಮುಟ್ಟು ನಿಂತಿದೆಯಾ, ಸಾಯಬೇಕು ಅನ್ನಿಸಿದೆಯಾ. ಕೊನೆಯದನ್ನು ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ಸುಳ್ಳು.

ಎರಡು ಹಕ್ಕು ನೆನಪಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಟಕ್ಕೂ ಅನ್ವಯವಾಗುತ್ತದೆ. ಅವಳ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ದಾಖಲಾಗುವ ತಾಯಿಗೆ ಮೂರು ವರ್ಷದೊಳಗಿನ ಮಗು ಇದ್ದರೆ, ಸಾಮಾನ್ಯವಾಗಿ ಮಗುವನ್ನು ಅವಳಿಂದ ದೂರ ಮಾಡುವಂತಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಹೆಂಗಸರು ಹೋಗುವುದಿಲ್ಲ. ಯಾಕೆ? ಹಸು ಕರೆಯುವವರು ಯಾರು, ಅಡುಗೆ ಯಾರು, ಮಕ್ಕಳ ಶಾಲೆ ಬಸ್ಸು ಯಾರು ನೋಡಿಕೊಳ್ಳುತ್ತಾರೆ? ಗಂಡಸು ದಾಖಲಾದರೆ ಹೆಂಡತಿ ಮನೆಯನ್ನೂ ನೋಡಿ ಆಸ್ಪತ್ರೆಯನ್ನೂ ನೋಡುತ್ತಾಳೆ. ಹೆಂಗಸು ದಾಖಲಾದರೆ ಮನೆಯೇ ನಿಂತುಹೋಗುತ್ತದೆ. ನಾವು ಕ್ಯಾಲೆಂಡರ್ ಹಿಂದೆ ಹತ್ತು ದಿನದ ಕೆಲಸ ಬರೆದೆವು. ಬೆಳಿಗ್ಗೆ ಹಾಲು ಕರೆಯುವುದು ಅಣ್ಣ. ಡೇರಿಗೆ ಹಾಕುವುದು ದೊಡ್ಡ ಮಗ. ಅಡುಗೆ ಅಮ್ಮ. ಆಸ್ಪತ್ರೆಯಲ್ಲಿ ನಾನು. "ಹೇಗೋ ಆಗುತ್ತೆ ಬಿಡು" ಅಂದರೆ ಅವಳು ನಾಲ್ಕನೇ ದಿನಕ್ಕೆ ಚೀಲ ಕಟ್ಟುತ್ತಾಳೆ. ಹೆಸರು, ಹೊತ್ತು ಸಮೇತ ಬರೆದು ಅವಳಿಗೆ ತೋರಿಸಿ.

5. ಗಂಡನ ವಿಷಯ

ಹೊಡೆಯುವ ಗಂಡನಾದರೆ ಚಟದ ಮಾತು ಆಮೇಲೆ, ಅವಳ ಜೀವ ಮೊದಲು. ಎಷ್ಟೋ ಹೆಂಗಸರು ಪೆಟ್ಟಿನ ನೋವು ಮರೆಯಲೆಂದೇ ಕುಡಿಯುತ್ತಾರೆ. ಹೊರಗಿನವರು "ಕುಡಿದದ್ದಕ್ಕೆ ಹೊಡೆದ" ಅನ್ನುತ್ತಾರೆ. ಕುಡಿದಿದ್ದಾಳೆ ಅಂತ ಹೊಡೆಯುವ ಹಕ್ಕು ಯಾರಿಗೂ ಬರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಕುಡಿಯುವ ಹೆಂಗಸಿಗೂ ಇದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ, ಅಂದರೆ ಈ ಕಾಯ್ದೆಯಡಿ ದೂರು ಕೊಡಬೇಕಾದವರು. ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಇಂಥ ಮನೆಯಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ "ರಾಜಿ ಮಾಡಿಕೊಳ್ಳಿ" ಅನ್ನಬೇಡಿ. ಅಲ್ಲಿ ಅವಳು ನಿಜ ಹೇಳಿದರೆ ರಾತ್ರಿ ಅದಕ್ಕೂ ಪೆಟ್ಟು ತಿನ್ನುತ್ತಾಳೆ.

ಹೊಡೆಯುವುದಿಲ್ಲ, ಆದರೆ ಅವನೂ ಕುಡಿಯುತ್ತಾನೆ ಅಂದರೆ? ಇಬ್ಬರಿಗೂ ಚಿಕಿತ್ಸೆ ಆದರೆ ಒಳ್ಳೆಯದು. ಆಗದಿದ್ದರೆ ಕಡೆ ಪಕ್ಷ ಮನೆಯೊಳಗೆ ಬಾಟಲಿ ಬರಬಾರದು. ನನ್ನ ಅಣ್ಣ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಮನೆಗೆ ತರುವುದಿಲ್ಲ, ಕುಡಿದ ದಿನ ಹೊರಗಿನ ಕೋಣೆಯಲ್ಲಿ ಮಲಗುತ್ತಾನೆ. ನನಗೆ ಇದು ಸಾಲದು. ಅತ್ತಿಗೆ "ಸದ್ಯಕ್ಕೆ ಸಾಕು" ಅನ್ನುತ್ತಾರೆ. ಅವರ ಮಾತೇ ನಡೆಯಬೇಕು.

ಗಂಡ ನಿಜವಾಗಿ ಜೊತೆ ನಿಂತರೆ ಅದರಷ್ಟು ದೊಡ್ಡ ಬಲ ಇನ್ನೊಂದಿಲ್ಲ. ಅವನು ಮಾಡಬೇಕಾದ್ದು ಸಣ್ಣ ಸಣ್ಣ ಕೆಲಸ. ಆಸ್ಪತ್ರೆಯ ದಿನ ನೆನಪಿಟ್ಟು ರಜೆ ಹಾಕುವುದು. ಬಾಯಿ ಮೂಸಿ ನೋಡದಿರುವುದು. ಕುಡಿಯದ ದಿನ ಸಂಜೆ ಹತ್ತು ನಿಮಿಷ ಅವಳ ಜೊತೆ ಕೂತು ಕಾಫಿ ಕುಡಿಯುವುದು. ಹಳೆಯದನ್ನು ಎತ್ತಿ ಆಡದಿರುವುದು, ಇದೊಂದು ಎಲ್ಲಕ್ಕಿಂತ ಕಷ್ಟ.

6. ಹೆಂಗಸರ ಬಳಗ

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎಲ್ಲರಿಗೂ ಹೇಳಿ ಸಹಾಯ ಕೇಳೋಣ ಅಂತ ನಾನು ಯೋಚಿಸಿದ್ದೆ. ಅತ್ತಿಗೆ ಬೇಡವೇ ಬೇಡ ಅಂದರು. ಅವರು ಹೇಳಿದ್ದೇ ಸರಿ. ಸಂಘದಲ್ಲಿ ಸಾಲ ಇದೆ, ಜಾಮೀನು ಇದೆ, ಮಾತು ಬೇಗ ಊರು ಸುತ್ತುತ್ತದೆ. ಗೊತ್ತಿರಬೇಕಾದವರು ಇಬ್ಬರೋ ಮೂವರೋ. ಅವರಲ್ಲಿ ಒಬ್ಬರನ್ನು ದಿನಾ ಒಂದೇ ಹೊತ್ತಿಗೆ ನೋಡುವ ಹಾಗಿರಬೇಕು. ಅತ್ತಿಗೆಗೆ ಅದು ಬೆಳಿಗ್ಗೆ ಆರೂವರೆಗೆ ಡೇರಿ. ಡೇರಿ ಅಕ್ಕ ಉಪದೇಶ ಮಾಡುವುದಿಲ್ಲ. ಹಾಲಿನ ಪುಸ್ತಕದಲ್ಲಿ ಲೀಟರು ಬರೆಯುತ್ತಾ "ನಿನ್ನೆ ಹೇಗಿತ್ತು?" ಅನ್ನುತ್ತಾರೆ. "ಕಷ್ಟ ಆಯ್ತು", "ಪರವಾಗಿಲ್ಲ", ಇಷ್ಟೇ ಉತ್ತರ.

ಕೊಯ್ಲಿನ ಕಾಲ, ಮದುವೆ, ಜಾತ್ರೆಗೆ ಮೊದಲೇ ತಯಾರಿ ಬೇಕು. ಯಾರಾದರೂ ಲೋಟ ಚಾಚಿದರೆ ಹೇಳುವ ಒಂದು ಮಾತು ಬಾಯಲ್ಲಿ ಸಿದ್ಧವಿರಲಿ: "ಗುಳಿಗೆ ತಗೊಳ್ತಿದ್ದೀನಿ, ಆಗಲ್ಲ." ಮುಂದೆ ವಿವರಿಸಬೇಕಿಲ್ಲ. ನಮ್ಮ ಜಗಲಿಯಲ್ಲಿ ಈಗ ರಾತ್ರಿ ಒಂಬತ್ತಕ್ಕೆ ಸುಲಿಯುವುದು ನಿಲ್ಲುತ್ತದೆ. ಮೈ ನೋವೇ ಶುರುವಾಗಲು ಕಾರಣವಾಗಿದ್ದರೆ, ಆ ನೋವು ಕಡಿಮೆ ಮಾಡದೆ ಚಟ ಬಿಡು ಅನ್ನುವುದು ನ್ಯಾಯವಲ್ಲ.

ಮಕ್ಕಳಿಗೂ ಹೇಳಿ, ಅವರ ವಯಸ್ಸಿಗೆ ತಕ್ಕಷ್ಟು. "ಅಮ್ಮನಿಗೆ ಕಾಯಿಲೆ ಇತ್ತು, ಔಷಧಿ ತಗೊಳ್ತಿದ್ದಾಳೆ, ನಿನ್ನಿಂದ ಆದದ್ದಲ್ಲ." ಕೊನೆಯ ಮಾತನ್ನು ಬಿಡಬೇಡಿ. ಮಕ್ಕಳನ್ನು ಕಾವಲಿಗೆ ಹಾಕಬೇಡಿ.

7. ಜಾರಿದರೆ

ಜಾರುವುದು ಸಾಮಾನ್ಯ. ಬೈಗುಳ ಬಿದ್ದರೆ ಒಂದು ದಿನದ ಜಾರುವಿಕೆ ಒಂದು ತಿಂಗಳಾಗುತ್ತದೆ. ಅದಕ್ಕೇ ಮೊದಲೇ ಮಾತಾಡಿಟ್ಟುಕೊಳ್ಳಿ. ಯಾರಿಗೆ ಮೊದಲು ತಿಳಿಸುವುದು, ಅವರು ಏನು ಮಾಡುವುದು, ಯಾವ ಬಸ್ಸಿಗೆ ಹೊರಡುವುದು.

ಅತ್ತಿಗೆ ಏಳು ತಿಂಗಳು ಮುಟ್ಟಿರಲಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ಚರಗದ (ಗದ್ದೆಗೆ ಬೀರುವ ಎಡೆಯ) ಅಡುಗೆಗೆ ಹೆಂಗಸರೆಲ್ಲ ಎದ್ದಿದ್ದರು. ತವರಿನಿಂದ ಫೋನ್ ಬಂತು, ಆಸ್ತಿ ಪಾಲಿನ ಜಗಳ. ತಮ್ಮ ಏನೋ ಅಂದನಂತೆ. ಬೆಳಗಿನ ಜಾವ ಗದ್ದೆಗೆ ಹೊರಡುವ ಹೊತ್ತಿಗೆ ಅತ್ತಿಗೆ ಕೋಣೆಯಿಂದ ಹೊರಗೆ ಬರಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ನಮಗ್ಯಾರಿಗೂ ಗಮನವಿಲ್ಲ. ಡೇರಿಗೆ ಹಾಲು ತಗೊಂಡು ಹೋದದ್ದು ಮಗ. ಡೇರಿ ಅಕ್ಕ ಅವನನ್ನು ಏನೂ ಕೇಳಲಿಲ್ಲ. ಹಾಲು ಅಳೆದು, ಪುಸ್ತಕದಲ್ಲಿ ಬರೆದು, ಅವನು ಹೋದ ಮೇಲೆ ನನಗೆ ಫೋನ್ ಮಾಡಿದರು. "ನಿಮ್ಮ ಅತ್ತಿಗೆ ಇವತ್ತು ಬಂದಿಲ್ಲ, ನೋಡಿ" ಅಂದರು, ಅಷ್ಟೇ.

ಬಾಗಿಲು ತಟ್ಟಿದೆ. "ಹಾಳಾಗಿ ಹೋಯ್ತು, ಏಳು ತಿಂಗಳು" ಅಂದರು. "ಏಳು ತಿಂಗಳು ಎಲ್ಲೂ ಹೋಗಿಲ್ಲ ಅತ್ತಿಗೆ" ಅಂದೆ. ಮಾತಾಡಿಟ್ಟುಕೊಂಡ ಹಾಗೆ ಅಣ್ಣನಿಗೆ ಕೆಲಸದ ಪಟ್ಟಿ ಕೊಟ್ಟೆ. ಅವನು ಒಂದು ಮಾತೂ ಆಡದೆ ಕೊಟ್ಟಿಗೆಗೆ ಹೋದ. ಮರುದಿನ ಏಳು ಗಂಟೆ ಬಸ್ಸಿನಲ್ಲಿ ನಾವಿಬ್ಬರೂ ಶಿವಮೊಗ್ಗಕ್ಕೆ ಹೊರಟೆವು. ದಾರಿಯಲ್ಲಿ ಡೇರಿ ಮುಂದೆ ಬಸ್ಸು ನಿಂತಾಗ ಅತ್ತಿಗೆ ಕಿಟಕಿಯಿಂದ ಕೈ ಎತ್ತಿದರು.